ಹತ್ತನೆಯ ವಿದ್ಯಾರ್ಥಿ

ಬಂದವನು ಕಳ್ಳ. ಅನುಮಾನವೇ ಇಲ್ಲ.

ಮೇಷ್ಟರು ಕನ್ನಡಕದ ಮೇಲಿನಿಂದ ನೋಡುತ್ತಲೇ ಇದ್ದರು. ಕಾಲೇಜಿನ ಆ ಕೋಣೆಯೊಳಗೆ ಕಾಲಿಡುವ ಮೊದಲು ಆಸಾಮಿ ಬಾಗಿಲಿನ ಕೀಲುಗಳನ್ನು ಒಂದೊಂದಾಗಿ ಮುಟ್ಟಿದ್ದ. ಬಂದವನೇ ಕಿಟಕಿಯ ಸರಳು ಅಲ್ಲಾಡಿಸಿದ. ಆಮೇಲೆ ಗೋಡೆಗೆ ಕಿವಿಯಿಟ್ಟು ಬೆರಳಿನಿಂದ ತಟ್ಟಿದ. ಅವನ ಹೆಗಲಿನ ಚೀಲದಲ್ಲಿ ಕಬ್ಬಿಣ ಸದ್ದು ಮಾಡುತ್ತಿತ್ತು.

ಮೂವತ್ತು ವರ್ಷ ಅಪರಾಧಶಾಸ್ತ್ರ ಕಲಿಸಿದವರಿಗೆ ಇಷ್ಟು ಸಾಲದೆ? ಮುಖ ನೋಡಿ ಕಸುಬು ಹೇಳುತ್ತೇನೆ ಎಂಬುದು ಮೇಷ್ಟರ ಹೆಮ್ಮೆ. ಈವರೆಗೆ ತಪ್ಪಿದ್ದು ಒಂದೇ ಸಲ. ತುಂಬಿದ ಸಭೆಯಲ್ಲಿ ಜೇಬುಗಳ್ಳ ಎಂದು ಅವರು ಕೈಹಿಡಿದು ನಿಲ್ಲಿಸಿದ್ದು ಹೊಸ ಪ್ರಾಂಶುಪಾಲರನ್ನು.

ಪ್ರಾಂಶುಪಾಲರು ಅದನ್ನು ಮರೆಯಲಿಲ್ಲ. ಸ್ನಾತಕೋತ್ತರ ಅಪರಾಧಶಾಸ್ತ್ರಕ್ಕೆ ಇಂದು ಮಧ್ಯಾಹ್ನ ಹನ್ನೆರಡರೊಳಗೆ ಹತ್ತು ಜನ ಸೇರದಿದ್ದರೆ ವಿಭಾಗವನ್ನೇ ಮುಚ್ಚುವುದಾಗಿ ಆದೇಶ ಹೊರಡಿಸಿದರು. ಸೇರಿದ್ದವರು ಒಂಬತ್ತು. ಗಡಿಯಾರ ಹನ್ನೊಂದೂಕಾಲು ತೋರಿಸುತ್ತಿತ್ತು. ಮೇಷ್ಟರ ಹೊಟ್ಟೆಗೆ ಬೆಳಗಿನಿಂದ ಒಂದು ತುತ್ತೂ ಇಳಿದಿರಲಿಲ್ಲ.

ಮನಸ್ಸು ಬದಲಾಯಿಸಿ ಓದಲು ಬಂದ ಕಳ್ಳ! ಇದಕ್ಕಿಂತ ಒಳ್ಳೆಯ ವಿದ್ಯಾರ್ಥಿ ಎಲ್ಲಿ ಸಿಗುತ್ತಾನೆ?

“ಸರ್, ನಾನು ಬಂದಿದ್ದು ಏನಂದ್ರೆ...”

“ಯಾಕೆ ಬಂದ್ರಿ ಅಂತ ನನಗೆ ಗೊತ್ತು. ಕೂತ್ಕೊಳ್ಳಿ. ಸಂಕೋಚ ಬೇಡ, ಹಿಂದಿನ ಕಥೆ ನನಗೆ ಬೇಕಾಗಿಲ್ಲ. ಡಿಗ್ರಿ ಆಗಿದೆಯಾ?”

ಆಸಾಮಿ ಗಲಿಬಿಲಿಗೊಂಡ. “ಆಗಿದೆ ಸರ್. ಸಂಜೆ ಕಾಲೇಜಲ್ಲಿ. ಹನ್ನೆರಡು ವರ್ಷ ಆಯ್ತು, ಇವತ್ತಿನವರೆಗೂ ಯಾರೂ ಕೇಳಿರ್ಲಿಲ್ಲ.”

ಮೇಷ್ಟರು ಅವನ ಮುಂದೆ ಅರ್ಜಿ ಹರಡಿದರು. ನಾಲ್ಕು ಸೆಮಿಸ್ಟರ್, ಹದಿನಾರು ವಿಷಯ. ಯಾವುದು ಮೊದಲು, ಯಾವುದು ಆಮೇಲೆ ಎಂದು ಬರೆದು, ಇಬ್ಬರೂ ಸಹಿ ಹಾಕಿದರೆ ಪ್ರವೇಶ ಪಕ್ಕಾ. ಸಂಖ್ಯಾಶಾಸ್ತ್ರದ ಹೆಸರೆತ್ತಿದ್ದೇ ಅವನ ಮುಖ ಬಾಡಿತು. ಮೇಷ್ಟರು ಅದನ್ನು ತಟ್ಟನೆ ಕೊನೆಯ ಸೆಮಿಸ್ಟರಿಗೆ ತಳ್ಳಿದರು.

“ಬೀಗದ ಕೈ ಇಲ್ದೆ ಬಾಗಿಲು ತೆಗೀತೀರಾ?”

“ಎರಡು ನಿಮಿಷದ ಕೆಲಸ ಸರ್.”

“ಮನೆಯವರಿಗೆ ಗೊತ್ತಾ?”

“ಗೊತ್ತಿಲ್ದೆ ಏನು? ದಿನಾ ಬೆಳಗ್ಗೆ ನನ್ನ ಹೆಂಡತೀನೇ ಚೀಲ ಜೋಡಿಸಿ ಕೊಡ್ತಾಳೆ.”

ಸಂಸಾರಕ್ಕೆ ಸಂಸಾರವೇ ಇದರಲ್ಲಿದೆ! ಮೇಷ್ಟರು ‘ಮನೆಗಳ್ಳತನದ ವಿಧಾನಗಳು’ ಎಂಬ ವಿಷಯದ ಮುಂದೆ ‘ಅನುಭವದ ಆಧಾರದಲ್ಲಿ ವಿನಾಯಿತಿ’ ಎಂದು ಬರೆದರು.

“ಮೂರನೇ ಸೆಮಿಸ್ಟರಲ್ಲಿ ಜೈಲಿಗೆ ಹೋಗ್ಬೇಕಾಗುತ್ತೆ. ಅಲ್ಲಿದ್ದು ಅಧ್ಯಯನ ಮಾಡೋಕೆ. ಬೇಜಾರಿಲ್ಲ ತಾನೇ?”

“ಹೋದ ವರ್ಷ ಮೂರು ತಿಂಗಳು ಅಲ್ಲೇ ಇದ್ದೆ ಸರ್. ಊಟ ಒಂದು ಸರಿಯಿರ್ಲಿಲ್ಲ.”

ಅದನ್ನೂ ಮೇಷ್ಟರು ಗುರುತು ಹಾಕಿಕೊಂಡರು. ಅಷ್ಟರಲ್ಲಿ ಆಸಾಮಿ ಹಾಳೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದತೊಡಗಿದ್ದ. ಓದುತ್ತ ಓದುತ್ತ ಅವನ ಹುಬ್ಬು ಗಂಟಿಕ್ಕಿತು.

“ಇದ್ರಲ್ಲಿ ಕದಿಯೋರ ಬಗ್ಗೆನೇ ಎಲ್ಲ ಇದೆ. ಬಾಗಿಲು ತೆಗೆದಿದ್ರೂ ಒಳಗಿನ ಸಾಮಾನು ಮುಟ್ಟದೇ ಬರೋರು ಇರ್ತಾರಲ್ಲ ಸರ್, ಅವರು ಯಾಕೆ ಮುಟ್ಟಲ್ಲ ಅಂತ ಯಾರೂ ಓದಲ್ವಾ?”

ಮೇಷ್ಟರ ಪೆನ್ನು ನಿಂತಿತು. ಮೂವತ್ತು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ಇದನ್ನು ಕೇಳಿರಲಿಲ್ಲ. ಅವರೂ ಕೇಳಿಕೊಂಡಿರಲಿಲ್ಲ. ತಲೆ ಎಣಿಸಲೆಂದು ಈ ಮನುಷ್ಯನನ್ನು ಕೂರಿಸಿಕೊಂಡೆನಲ್ಲ ಎಂದು ಅವರಿಗೆ ನಾಚಿಕೆಯಾಯಿತು. ಈಗ ಅವರಿಗೆ ಬೇಕಾದದ್ದು ಹತ್ತನೆಯವನಲ್ಲ, ಇವನೇ.

“ಅದೇ ನಿಮ್ಮ ಪ್ರಬಂಧದ ವಿಷಯ,” ಎಂದು ಕೊನೆಯ ಸಾಲಿನಲ್ಲಿ ಬರೆದರು.

“ನನ್ನನ್ನ ನಿಜವಾಗ್ಲೂ ಸೇರಿಸ್ಕೊತೀರಾ ಸರ್?” ಅವನು ಕುರ್ಚಿಯಿಂದ ಅರ್ಧ ಎದ್ದ.

“ಮೊದಲು ಸಹಿ ಹಾಕಿ ಮಾರಾಯ್ರೆ!”

ಹಾಕಿದ. ಮೇಷ್ಟರು ಅರ್ಜಿ ಹಿಡಿದು, ವಯಸ್ಸು ಮರೆತು, ಎರಡೆರಡು ಮೆಟ್ಟಿಲು ಹಾರಿ ಕಚೇರಿಗೆ ಇಳಿದರು. ಅಲ್ಲಿನ ಗುಮಾಸ್ತೆ ಹೆಸರು ಓದಿದಳು, ಮೇಷ್ಟರ ಮುಖ ನೋಡಿದಳು, ಮತ್ತೊಮ್ಮೆ ಹೆಸರು ಓದಿದಳು. ಕೊನೆಗೆ ತುಟಿ ಕಚ್ಚಿ ನಗು ತಡೆದುಕೊಂಡು ಮುದ್ರೆ ಒತ್ತಿದಳು. ಹನ್ನೆರಡಕ್ಕೆ ಇನ್ನೂ ನಾಲ್ಕು ನಿಮಿಷವಿತ್ತು.

ಮೇಷ್ಟರು ಏದುಸಿರು ಬಿಡುತ್ತ ಮೇಲೆ ಬಂದರು. “ಆಯ್ತು! ಸೋಮವಾರ ಹತ್ತು ಗಂಟೆಗೆ, ಇದೇ ಕೋಣೆ. ಇನ್ನು ಆ ಪ್ರಾಂಶುಪಾಲರು ಏನು ಮಾಡ್ತಾರೋ ನಾನೂ ನೋಡ್ತೀನಿ.”

“ಹಾಗಾದ್ರೆ ಇವತ್ತಿನ ಕೆಲಸ ನಿಂತಿತು ಅಂತ ಅವರಿಗೆ ನೀವೇ ಒಂದು ಮಾತು ಹೇಳ್ಬಿಡಿ ಸರ್,” ಎಂದ ಹತ್ತನೆಯ ವಿದ್ಯಾರ್ಥಿ, “ಈ ವಿಭಾಗ ಹೇಗೂ ಮುಚ್ಚೋಗುತ್ತೆ, ಬಾಗಿಲು ಕಿತ್ತು ಗೋಡೆ ಒಡೆದು ಕೋಣೆನ ಪಕ್ಕದ ಕ್ಯಾಂಟೀನಿಗೆ ಸೇರಿಸಿಬಿಡು ಅಂತ ಬೆಳಗ್ಗೆ ನನ್ನ ಕಳಿಸಿದ್ದೇ ಅವರು.”