ಆರನೇ ಪ್ರಶ್ನೆಗೆ ಆಧಾರ

"ಇದನ್ನ ಎಲ್ಲಿಂದ ಕಾಪಿ ಮಾಡೀದಿ? ಖರೇ ಹೇಳು."

ಜೇವರ್ಗಿಯ ಸಂಜೆ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಕಲ್ಲಿನಾಥ ಉತ್ತರಪತ್ರಿಕೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ಪಂಚಶೀಲಾ ಎದ್ದು ನಿಂತಳು. ಅವಳು ಹಗಲು ಅಂಗನವಾಡಿ ಸಹಾಯಕಿ. ಕಾಪಿ ಎಂದು ದಾಖಲಾದರೆ ಪದವಿಯೂ ಇಲ್ಲ, ಬಡ್ತಿಯೂ ಇಲ್ಲ.

ಅವಳು ಸೊಕ್ಕಿನವಳೆಂಬ ಅನುಮಾನ ಕಲ್ಲಿನಾಥರಿಗೆ ಮೊದಲೇ ಇತ್ತು. ಅವರು ಪ್ರತಿ ವರ್ಷವೂ ತಮ್ಮ ಹೊಲದ ತೊಗರಿಬೇಳೆಯನ್ನು ವಿದ್ಯಾರ್ಥಿಗಳಿಗೆ ಹಂಚುತ್ತಿದ್ದರು. ಈ ಸಲ ಅವಳೊಬ್ಬಳೇ ಮುಟ್ಟಿರಲಿಲ್ಲ.

ಅಮೆರಿಕ ಫಿಲಿಪೈನ್ಸನ್ನು ವಶಪಡಿಸಿಕೊಂಡ ಬಗೆಯನ್ನು ವಿವರಿಸಿ ಎಂಬುದು ಆರನೇ ಪ್ರಶ್ನೆ. ಉಳಿದವರು ನೋಟ್ಸ್ ಒಪ್ಪಿಸಿದ್ದರು. ಅವಳು ಬರೆದಿದ್ದಳು:

'ಸ್ಪೇನನ್ನು ಓಡಿಸಲು ನೆರವಾಗುತ್ತೇನೆಂದು ಅಮೆರಿಕ ಬಂತು. ಸ್ಪೇನ್ ಸೋತಿತು. ಸೋತವನಿಂದಲೇ ಅಮೆರಿಕ ಆ ನಾಡನ್ನು ಬರೆಸಿಕೊಂಡಿತು. ನಾಡಿನವರನ್ನು ಕೇಳಲಿಲ್ಲ. ಅವರಿಗೆ ಆಳಲು ಬರುವುದಿಲ್ಲ ಎಂದಿತು. ಹೊಲ ಕಸಿದುಕೊಂಡು, ಹೊಲದವರನ್ನೇ ಕಳೆ ಕೀಳಲು ಕರೆದ ಹಾಗೆ.'

ಕೊನೆಯ ಸಾಲು ಯಾವ ಪುಸ್ತಕದಲ್ಲೂ ಇರಲಿಲ್ಲ. ಕಲ್ಲಿನಾಥ ಎರಡು ದಿನ ಹುಡುಕಿದ್ದರು.

"ನಮ್ಮಜ್ಜಿ ಚಂದಮ್ಮ ಹೇಳಿದ್ದರಿ ಸರ್."

"ನಿಮ್ಮಜ್ಜಿ ಫಿಲಿಪೈನ್ಸಿಗೆ ಹೋಗಿ ಬಂದಾಳೇನು?"

ತರಗತಿ ಗೊಳ್ಳೆಂದಿತು.

"ಇಲ್ರಿ. ಆಕಿ ಜೇವರ್ಗಿ ದಾಟಿಲ್ಲ."

"ಮತ್ತ ಯಾರ ಹೊಲ? ಕಸಗೊಂಡವರ ಹೆಸರು ಯಾಕ ಬರದಿಲ್ಲ?"

"ನಾಚಿಕಿ ಬಂತ್ರಿ."

"ಕದ್ದು ಬರದ್ರ ನಾಚಿಕಿ ಬರೂದ. ಇತಿಹಾಸಕ್ಕ ಆಧಾರ ಬೇಕವ್ವಾ. ನಾಳಿ ಮೂಲ ದಾಖಲೆ ತಗೊಂಡು ಬಾ. ಇಲ್ಲಂದ್ರ ಸೊನ್ನೆ."

ಮರುದಿನ ತರಗತಿಗೆ ಮೊದಲೇ ಅವಳು ಸ್ಟಾಫ್ ರೂಮಿಗೆ ಬಂದಳು. ಕೈಯಲ್ಲಿ ಮಡಿಕೆ ಹರಿದ ಹಳೆಯ ಖರೀದಿ ಪತ್ರದ ನಕಲು.

"ಎಲ್ಲಾರ ಮುಂದ ಬ್ಯಾಡ್ರಿ ಸರ್. ನೀವೊಬ್ರೇ ಓದ್ರಿ."

ಹೆದರಿದ್ದಾಳೆ ಎಂದುಕೊಂಡರು ಕಲ್ಲಿನಾಥ. ನಿನ್ನೆ ಅವಳನ್ನು ನಗೆಪಾಟಲು ಮಾಡಬಾರದಿತ್ತೇನೋ ಎಂದೂ ಅನಿಸಿತು. ದನಿ ತಗ್ಗಿಸಿದರು.

"ಏನಿದು?"

"ಒಬ್ಬಾಂವ ಅಜ್ಜಿ ಹೊಲಕ್ಕ ನುಗ್ಗಿ ಪಹಣಿಯಾಗ ಹೆಸರು ಹಾಕಿಸ್ಕೊಂಡಿದ್ದರಿ. ಅವನ್ನ ಓಡಸ್ರಿ ಅಂತ ಅಜ್ಜಿ ಊರಿನ ದೊಡ್ಡವರೊಬ್ಬರ ಕಾಲು ಬಿದ್ಲು. ಅವರು ಓಡಿಸಿದ್ರು. ಓಡಸೂಕಿಂತ ಮೊದಲ ಅವನ ಕಡಿಂದ ಹೊಲ ಬರಸ್ಕೊಂಡ್ರು."

ಕಲ್ಲಿನಾಥ ಕನ್ನಡಕ ಏರಿಸಿ ಪತ್ರ ಬಿಡಿಸಿದರು.

ಕೊಂಡವರ ಜಾಗದಲ್ಲಿ ಕಲ್ಲಿನಾಥರ ತಂದೆಯ ರುಜು ಇತ್ತು.