ಸೇವ್ ಒತ್ತಿದಾಗ

ರಕ್ತನಿಧಿಯ ಕಂಪ್ಯೂಟರಿನಲ್ಲಿ ಸೇವ್ ಒತ್ತಿದರೆ ಸಾಕು, ಪ್ರೋಗ್ರಾಂ ತಾನಾಗಿಯೇ ಮುಚ್ಚಿಹೋಗುತ್ತಿತ್ತು. ದಾನಿಗಳ ವಿವರ ತುಂಬುವ ಚಂಪಕಮಾಲಾ ಮೂರು ದಿನ ಫೋನ್ ಮಾಡಿದಳು. ನಾಲ್ಕನೆಯ ದಿನ, ಪ್ರೋಗ್ರಾಂ ಬರೆದುಕೊಟ್ಟಿದ್ದ ಯತಿರಾಜ್ ಕುದಿಯುತ್ತ ಬಂದ. ಬಂದವನು ಕಂಪ್ಯೂಟರಿನತ್ತ ತಿರುಗಿಯೂ ನೋಡದೆ ನೇರವಾಗಿ ಡಾಕ್ಟರ ಕೋಣೆಗೆ ನುಗ್ಗಿದ.

“ಸ್ಕ್ರೀನ್ ಮೇಲೆ ಏನು ಬರುತ್ತೆ ಅಂತ ಫೋನಲ್ಲಿ ಮರ್ಯಾದೆಯಾಗಿ ಕೇಳಿದ್ರೆ ಈಯಮ್ಮ ನನಗೇ ಬೈತಾರೆ ಸರ್! ಒಂದ್ಸಲ ಅಲ್ಲ, ಮೂರು ಸಲ! ಇವರು ಇಲ್ಲಿರೋವರೆಗೂ ನಾನು ರಿಪೇರಿ ಮಾಡಲ್ಲ.”

ಡಾಕ್ಟರು ಅವಳನ್ನು ಕರೆಸಿದರು. “ಕ್ಷಮೆ ಕೇಳಮ್ಮ. ಇಲ್ಲಾಂದ್ರೆ ನಾಳೆಯಿಂದ ಬರಬೇಡ.”

ಚಂಪಕಮಾಲಾ ಯತಿರಾಜ್‌ನತ್ತ ಕೈ ತೋರಿಸಿದಳು. “ಕೇಳ್ತೀನಿ ಸರ್. ಮೊದಲು ಇವರು ನಿಮ್ಮೆದುರಿಗೆ ಸೇವ್ ಒತ್ತಲಿ.”

“ಅದರಲ್ಲಿರೋ ಒಂದೊಂದು ಅಕ್ಷರಾನೂ ನಾನೇ ಬರೆದಿದ್ದು. ನನಗೇ ಹೇಳ್ಕೊಡ್ತೀರಾ?” ಎಂದು ಯತಿರಾಜ್ ಗದರಿದ.

ಮೂವರೂ ಕಂಪ್ಯೂಟರಿನ ಬಳಿ ಬಂದರು. ಅವನು ಕುರ್ಚಿಯನ್ನು ದರದರನೆ ಎಳೆದು ಕೂತು, ಒಬ್ಬ ದಾನಿಯ ವಿವರ ತುಂಬಿ ಸೇವ್ ಒತ್ತಿದ.

ಪ್ರೋಗ್ರಾಂ ಮುಚ್ಚುವ ಮೊದಲು ಸ್ಕ್ರೀನ್ ನಡುವೆ ಪುಟ್ಟ ಚೌಕವೊಂದು ತೆರೆದುಕೊಂಡಿತು: “ಮತ್ತೆ ತಪ್ಪು ಮಾಡಿದ್ಯಲ್ಲೋ, ಕತ್ತೆ!”