ಹೊನ್ನೆ ಲೋಟದ ಅರ್ಧ ಪಾಲು

ಶಾಂತಮಲ್ಲಮ್ಮ ಹಿತ್ತಲ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು, ಲೋಟದಲ್ಲಿ ಉಳಿದಿದ್ದ ಕಂದು ನೀರನ್ನು ನುಗ್ಗೆ ಮರದ ಬುಡಕ್ಕೆ ಸುರಿದಳು.

“ಕುಡುದ್ಯಾ?” ಒಳಗಿನಿಂದ ಗಂಡ ಮರಿಮಲ್ಲಪ್ಪ ಕೇಳಿದ.

“ಊಂ, ಕುಡುದೆ.”

ದಿನಾ ಇದೇ ಪ್ರಶ್ನೆ, ದಿನಾ ಇದೇ ಸುಳ್ಳು. ಹೇಳಿದಾಗಲೆಲ್ಲ ಅವಳ ನಾಲಿಗೆ ಒಣಗುತ್ತಿತ್ತು.

ಆರು ತಿಂಗಳ ಹಿಂದೆ, ಐವತ್ತೈದನೇ ಇಸವಿಯ ಯುಗಾದಿ ಮುಗಿದ ವಾರ, ಅವಳ ಕಾಲಿಗೆ ಮುಳ್ಳು ಚುಚ್ಚಿ ಆದ ಗಾಯ ತೋರಿಸಲು ಇಬ್ಬರೂ ಬೇಗೂರಿನಿಂದ ಚಾಮರಾಜನಗರಕ್ಕೆ ಹೋಗಿದ್ದರು. ಅಲ್ಲಿನ ಡಾಕ್ಟರಿಗೆ ಒಂದು ಹುಚ್ಚು. ಬಂದವರೆಲ್ಲರ ಮೂತ್ರವನ್ನೂ ನೀಲಿ ನೀರಿಗೆ ಹಾಕಿ ಕಾಯಿಸಿ ನೋಡಲೇಬೇಕು. ಇಬ್ಬರೂ ಸೀಸೆ ತುಂಬಿಸಿ ಕೊಟ್ಟರು. ಅವಳು ಹೊರಗೆ ನೆರಳಲ್ಲಿ ಕೂತಿದ್ದಾಗ ಗಂಡ ಡಾಕ್ಟರ ಕೋಣೆಯಿಂದ ಬಿಳಿಚಿಕೊಂಡು ಬಂದ.

“ನಂಗೆ ಸಕ್ರೆ ಕಾಯ್ಲೆ ಅಂತೆ ಕಣಮ್ಮಿ.”

ಅವಳ ಅವ್ವ ಅದೇ ಕಾಯಿಲೆಯಲ್ಲಿ ಹೋದವಳು. ಅದರ ಹೆಸರು ಕೇಳಿದ ದಿನವೇ ಊಟ ಬಿಟ್ಟು, ಚಾಪೆ ಹಿಡಿದು, ತಿಂಗಳೊಳಗೆ ಹೆದರಿಕೆಯಲ್ಲೇ ಪ್ರಾಣ ಬಿಟ್ಟಿದ್ದಳು.

ಮರಿಮಲ್ಲಪ್ಪ ಡಾಕ್ಟರ ಮದ್ದು ಬೇಡವೆಂದ. ಭೀಮನಬೀಡಿನ ನಾಟಿ ವೈದ್ಯ ರಾಚಯ್ಯನಿಂದ ಹೊನ್ನೆ ಮರದಲ್ಲಿ ಕೊರೆದ ಲೋಟ ತಂದ. ಅದರಲ್ಲಿ ನೀರು ನೆನೆಯಿಟ್ಟು ಬೆಳಗ್ಗೆ ಬರಿಹೊಟ್ಟೆಗೆ ಕುಡಿಯಬೇಕು. ಗಂಡ ಅರ್ಧ ಕುಡಿದು ಬಿಟ್ಟದ್ದನ್ನು ಹೆಂಡತಿ ಕುಡಿದರೆ ಮಾತ್ರ ಮದ್ದು ಹಿಡಿಯುತ್ತದೆ. ಬೆಲ್ಲ, ಅನ್ನ ಇಬ್ಬರೂ ಮುಟ್ಟಬಾರದು. ಇದು ರಾಚಯ್ಯನ ಕಟ್ಟುಪಾಡು ಎಂದು ಮರಿಮಲ್ಲಪ್ಪನೇ ಹೇಳಿದ.

ನಾಲ್ಕು ದಿನ ಕುಡಿದಳು. ಒಗರಿಗೆ ವಾಕರಿಕೆ ಬಂತು. ಗಂಡನೆದುರು ತಿಂದು ಕುಡಿಯುವ ರೂಢಿ ಅವಳಿಗಿರಲಿಲ್ಲ, ಲೋಟವನ್ನು ಹಿತ್ತಲಿಗೆ ಒಯ್ಯುತ್ತಿದ್ದಳು. ಹಾಗಾಗಿ ಸುರಿಯುವುದು ಸುಲಭವಾಯಿತು. ಅಷ್ಟಕ್ಕೇ ನಿಲ್ಲಲಿಲ್ಲ. ರಾಗಿಯ ಮಡಕೆಯೊಳಗೆ ಅಚ್ಚುಬೆಲ್ಲ ಬಚ್ಚಿಟ್ಟು ತಿಂದಳು. ತಿಂದ ಮೇಲೆ ತಾಳಲಾರದ ಬಾಯಾರಿಕೆ, ಚೆಂಬುಗಟ್ಟಲೆ ನೀರು. ಕದ್ದು ತಿಂದ ಪಾಪ ಎಂದುಕೊಂಡಳು.

ಮರಿಮಲ್ಲಪ್ಪ ಮಾತ್ರ ಗೌರಿ ಹಬ್ಬದ ಕಜ್ಜಾಯವನ್ನೂ ಮುಟ್ಟಲಿಲ್ಲ. ದಿನೇ ದಿನೇ ಸೊರಗಿದ. ಒಮ್ಮೊಮ್ಮೆ ಅವಳನ್ನು ನೋಡುತ್ತಾ ಕೂತು ಕಣ್ಣು ತುಂಬಿಕೊಳ್ಳುತ್ತಿದ್ದ. ನಾನೇ ಇವರನ್ನು ಕೊಲ್ಲುತ್ತಿದ್ದೇನೆ ಎಂದುಕೊಳ್ಳುತ್ತಿದ್ದಳು. ಆದರೂ ಬೆಳಗಾದರೆ ಕೈ ನುಗ್ಗೆ ಮರದ ಕಡೆಗೇ ಹೋಗುತ್ತಿತ್ತು.

ಇವತ್ತು ಅವಳ ಕಾಲಿನ ಮಾಯದ ಗಾಯ ಕಪ್ಪಾಗಿತ್ತು. ಮತ್ತೆ ಚಾಮರಾಜನಗರದ ಬಸ್ಸು ಹತ್ತಿದರು. ಡಾಕ್ಟರ ಜಗಲಿಯಲ್ಲಿ ಕೂತಾಗ ಅವಳಿಗೆ ತಡೆಯಲಾಗಲಿಲ್ಲ. ಗಂಡನ ಪಾದ ಹಿಡಿದಳು.

“ತಪ್ಪಾಯ್ತು. ನನ್ ಪಾಲು ಕುಡೀದೆ ಚೆಲ್ಬುಟ್ಟೆ. ಬೆಲ್ಲಾನೂ ಕದ್ದು ತಿಂದ್ಬುಟ್ಟೆ. ನಿಮ್ ಮದ್ದು ಕೆಡ್ಸಿದವಳು ನಾನೇಯ.”

ಮರಿಮಲ್ಲಪ್ಪ ಬೈಯಲಿಲ್ಲ. “ತಪ್ಪು ನಂದು ಕಣಮ್ಮಿ, ಏಳು,” ಎಂದು ಬಿಕ್ಕಿ ಬಿಕ್ಕಿ ಅತ್ತ.

ಡಾಕ್ಟರು ಬಂದು ಗಾಯಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿ ಅವಳ ಕಾಲು ನೋಡಿದರು. ಸಿಟ್ಟಿನಿಂದ ಮರಿಮಲ್ಲಪ್ಪನ ಕಡೆ ತಿರುಗಿದರು.

“ನಿಮಗೇನೂ ಇಲ್ಲ, ಸಕ್ಕರೆ ಕಾಯಿಲೆ ಇರುವುದು ಇವರಿಗೆ ಅಂತ ಆವತ್ತೇ ಹೇಳಿದ್ದೆನಲ್ಲ, ಇಷ್ಟು ದಿನ ಇಂಜೆಕ್ಷನ್ ಯಾಕೆ ಕೊಡಿಸಲಿಲ್ಲ?”